ಕಣ್ಣು ಎಲ್ಲಿ ನಿಲ್ಲಬೇಕು?

ನಮ್ಮ ಮುಂಡಗೋಡ ತಾಲ್ಲೂಕಿನ ಇಂದೂರಿನ ಕಡೆಯವರ ಮನೆಗೆ ನೆಂಟರು ಬಂದರೆ ಮುಂಡಗೋಡದ ಟಿಬೆಟನ್ ಕಾಲೊನಿಗೆ ಒಂದು ಸುತ್ತು ಕರೆದುಕೊಂಡು ಹೋಗುವುದುಂಟು. ಪ್ರಾರ್ಥನಾ ಮಂದಿರ, ಚಿನ್ನದ ಬಣ್ಣದ ಬುದ್ಧ, ನಾಲ್ಕು ಫೋಟೊ, ಅಲ್ಲಿಗೆ ಮುಗಿಯಿತು. ಗೋಡೆಯ ಚಿತ್ರಗಳ ಮುಂದೆ ನಿಲ್ಲುವವರು ಕಡಿಮೆ. ಚಿತ್ರವೊಂದು ನಮ್ಮ ಕಣ್ಣನ್ನು ತನಗೆ ಬೇಕಾದ ಕಡೆಗೆ ಹೇಗೆ ಎಳೆದೊಯ್ಯುತ್ತದೆ ಎಂದು ಕಲಿಯಲು ಈ ಭಾಗದಲ್ಲಿ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಈ ನೆಲೆ ಶುರುವಾದದ್ದು 1966ರಲ್ಲಿ. ಲ್ಹಾಸಾ ಬಳಿ 1409ರಲ್ಲಿ ಸ್ಥಾಪನೆಯಾದ ಗಾಂದೆನ್, 1416ರ ದ್ರೆಪುಂಗ್ ಮಠಗಳು ಇಲ್ಲಿ ಮತ್ತೆ ತಲೆಯೆತ್ತಿದವು. ಮಠದ ಹೊರ ಮೊಗಸಾಲೆಯ ಗೋಡೆಯಲ್ಲಿ ಹುಟ್ಟುಸಾವಿನ ಸುತ್ತನ್ನು ತೋರಿಸುವ ಭವಚಕ್ರ ಬರೆಸುವುದು ಟಿಬೆಟನ್ನರ ಹಳೆಯ ಪದ್ಧತಿ. ನಾನು ಹೇಳಹೊರಟದ್ದು ಆ ಚಿತ್ರದ ಬಗ್ಗೆಯೇ.

ಭವಚಕ್ರದಲ್ಲಿ ಮೊದಲು ಕಣ್ಣಿಗೆ ಬೀಳುವವನು ಯಮ. ಮೂರು ಕಣ್ಣು, ಕೋರೆಹಲ್ಲು, ನೆತ್ತಿಯ ಮೇಲೆ ತಲೆಬುರುಡೆಗಳ ಕಿರೀಟ. ಇಡೀ ಚಕ್ರವನ್ನು ಹಲ್ಲು, ಉಗುರುಗಳಲ್ಲಿ ಕಚ್ಚಿ ಹಿಡಿದಿದ್ದಾನೆ. ದೊಡ್ಡ ಗಾತ್ರ, ಗಾಢ ಬಣ್ಣ, ನಮ್ಮನ್ನೇ ನೋಡುವ ಮುಖ: ಕಣ್ಣು ಸೆಳೆಯಲು ಇಷ್ಟು ಸಾಕು. ಅಲ್ಲಿಂದ ನೋಟ ನಡುವಿಗೆ ಜಾರುತ್ತದೆ, ಏಕೆಂದರೆ ಚಕ್ರದ ಅರೆಕಾಲುಗಳೆಲ್ಲ ಅತ್ತಲೇ ಓಡುತ್ತವೆ. ಅಲ್ಲಿ ಹಂದಿ, ಹಾವು, ಹುಂಜ ಒಂದರ ಬಾಲ ಇನ್ನೊಂದು ಕಚ್ಚಿಕೊಂಡು ಸುತ್ತುತ್ತಿವೆ: ಮೋಹ, ದ್ವೇಷ, ರಾಗ. ಚಿತ್ರದಲ್ಲಿ ತೀರ ಚಿಕ್ಕವು, ಆದರೂ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಗೆರೆಗಳೇ ದಾರಿ ತೋರಿಸಿದರೆ ಗಾತ್ರದ ಹಂಗಿಲ್ಲ.

ಚಿತ್ರಗಾರನ ನಿಜವಾದ ಜಾಣ್ಮೆ ಇರುವುದು ಮೂಲೆಯಲ್ಲಿ. ಜೀವಿಗಳು ಹುಟ್ಟುವ ಆರು ಲೋಕಗಳು, ಹೊರ ಅಂಚಿನ ಕಾರ್ಯಕಾರಣದ ಹನ್ನೆರಡು ಕೊಂಡಿಗಳು, ನೂರೆಂಟು ಜೀವಿಗಳ ಗದ್ದಲ ಎಲ್ಲ ಚಕ್ರದ ಒಳಗೆ. ಹೊರಗೆ, ಮೇಲಿನ ಮೂಲೆಯಲ್ಲಿ ಬುದ್ಧ ನಿಂತು ಚಂದ್ರನ ಕಡೆ ಬೆರಳು ತೋರಿಸುತ್ತಾನೆ. ಅವನ ಸುತ್ತ ಬರೀ ಆಕಾಶ. ಚಕ್ರದಿಂದ ಬಿಡುಗಡೆ ಉಂಟು ಎಂಬುದೇ ಹೇಳಬೇಕಾದ ಮಾತು ಆದ್ದರಿಂದ ಚಿತ್ರಗಾರ ಅವನನ್ನು ಯಮನಿಗಿಂತ ದೊಡ್ಡದಾಗಿ ಬರೆಯಬಹುದಿತ್ತು, ಬರೆದಿಲ್ಲ. ಗದ್ದಲದಿಂದ ಬೇರೆ ಮಾಡಿ ನಿಲ್ಲಿಸಿದ್ದಾನೆ, ಅಷ್ಟೇ. ಒತ್ತು ಕೊಡಲು ಇದಕ್ಕಿಂತ ಬಲವಾದ ಉಪಾಯ ನನಗೆ ಗೊತ್ತಿಲ್ಲ.

ತಂಗ್ಕಾ ಎಂಬ ಬಟ್ಟೆಯ ಪಟಗಳದ್ದು ಬೇರೆ ದಾರಿ. ಬಟ್ಟೆಯ ಮೇಲೆ ಮೊದಲು ಬೀಳುವುದು ನಡುವಿನ ನೇರ ಗೆರೆ, ಆಮೇಲೆ ಅಳತೆಯ ಚೌಕಗಳು. ಗಾಂದೆನ್ ಕಟ್ಟಿದ ತ್ಸೊಂಗ್‌ಖಾಪಾನ ಪಟದಲ್ಲಿ ಚೂಪು ಹಳದಿ ಟೋಪಿಯ ಗುರು ನಡುವೆ ಕೂತಿರುತ್ತಾನೆ, ಕೆಳಗೆ ಎರಡು ಬದಿಗೆ ಇಬ್ಬರು ಶಿಷ್ಯರು. ಮೂರು ಟೋಪಿಗಳು ಸೇರಿ ಒಂದು ತ್ರಿಕೋನವಾಗುತ್ತದೆ. ಭುಜಗಳ ಮಟ್ಟದ ತಾವರೆಗಳ ಮೇಲೆ ಒಂದು ಕಡೆ ಖಡ್ಗ, ಇನ್ನೊಂದು ಕಡೆ ಪುಸ್ತಕ. ಅತ್ತಿತ್ತ ಹೋದ ನೋಟವನ್ನು ಎರಡೂ ಮುಖಕ್ಕೇ ಮರಳಿಸುತ್ತವೆ. ಕಣ್ಣು ಬರೆಯುವುದು ಕಟ್ಟಕಡೆಗೆ. ನೋಟವನ್ನು ಮುಖಕ್ಕೆ ತರುವ ಈ ಉಪಾಯವನ್ನು ನಮ್ಮ ಮೈಸೂರು ಶೈಲಿಯ ಚಿತ್ರಗಾರರೂ ಬಲ್ಲರು: ಗೆಸ್ಸೋ ಉಬ್ಬು, ಚಿನ್ನದ ರೇಕು ಒಡವೆ, ಕಿರೀಟ, ಪ್ರಭಾವಳಿಯಂಥವಕ್ಕೆ, ಮುಖ ನುಣುಪಾಗಿಯೇ ಉಳಿಯುತ್ತದೆ.

ತಾಲ್ಲೂಕಿನ ಡ್ರಾಯಿಂಗ್ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಮಕ್ಕಳು ಹಾಳೆಯ ನಟ್ಟನಡುವೆ ಎಲ್ಲವನ್ನೂ ತುರುಕಿ, ಎಲ್ಲಕ್ಕೂ ಕಡುಬಣ್ಣ ಬಳಿಯುತ್ತಾರೆ. ಅವರಿಗೆ ನಿಯಮ ಬಾಯಿಪಾಠ ಮಾಡಿಸುವ ಮೊದಲು ಒಂದು ಮಧ್ಯಾಹ್ನ ಭವಚಕ್ರದ ಮುಂದೆ ಕೂರಿಸಿ, ಕಣ್ಣು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಕೇಳಿ.