ಲಿಸ್ಟರನ ವ್ರಣಚಿಕಿತ್ಸಾ ಪ್ರಬಂಧ

ಜೋಸೆಫ್ ಲಿಸ್ಟರನು 1867ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಶಾಸ್ತ್ರಗದ್ಯಕ್ಕೆ ಒಳ್ಳೆಯ ಮಾದರಿಯಾಗಿದೆ. ಗಾಡಿಯ ಚಕ್ರ ಹರಿದು ಕಾಲಿನ ಎಲುಬು ಮುರಿದು ಗಾಯವಾಗಿದ್ದ 11 ವರ್ಷದ ಬಾಲಕನೊಬ್ಬನನ್ನು 1865ರ ಆಗಸ್ಟಿನಲ್ಲಿ ಗ್ಲಾಸ್ಗೋವಿನ ಆಸ್ಪತ್ರೆಗೆ ತಂದರು. ಅಂಥ ಗಾಯವು ಕೀವುಗಟ್ಟಿ ಕಾಲನ್ನೋ ಪ್ರಾಣವನ್ನೋ ಕಳೆಯುವುದು ಅಂದು ಸಾಮಾನ್ಯವಾಗಿದ್ದಿತು. ಲಿಸ್ಟರನು ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದನು. ಸುಮಾರು 6 ವಾರಗಳಲ್ಲಿ ಎಲುಬು ಕೂಡಿತು. ಆಮ್ಲವು ಚರ್ಮವನ್ನು ಕೆರಳಿಸಿದುದನ್ನೂ, ಇತರ ರೋಗಿಗಳಲ್ಲಿ ಕಂಡ ಸೋಲನ್ನೂ ಲೇಖಕನು ಮರೆಮಾಚಿಲ್ಲ. ಇದೇ ಈ ಬರಹದ ಮುಖ್ಯ ಗುಣ.

ಗೆಲವನ್ನು ಬಹುಮಟ್ಟಿಗೆ ಹೊರಗಿನ ಔಷಧಕ್ಕೇ ಸಲ್ಲಿಸಿರುವುದು ಇದರ ಮಿತಿ. ಅದನ್ನು ದೋಷವೆನ್ನಲಾಗದು, ಬಿಳಿಯ ರಕ್ತಕಣಗಳು ಕ್ರಿಮಿಗಳನ್ನು ನುಂಗಿ ದೇಹವನ್ನು ಕಾಯುವುವೆಂಬ ತತ್ತ್ವವು, 1882ರಲ್ಲಿ ಮೆಸ್ಸೀನಾದಲ್ಲಿ ಮೆಚ್ನಿಕಾಫನು ನಕ್ಷತ್ರಮೀನಿನ ಮರಿಗಳನ್ನು ಪರೀಕ್ಷಿಸಿದ ಬಳಿಕವೇ ರೂಪುಗೊಂಡಿತು. ನುಂಗುವುದೊಂದೇ ಸಾಲದೆಂಬುದು 1960ರ ದಶಕದಲ್ಲಿ ತಿಳಿದುಬಂದಿತು. ಹುಟ್ಟುದೋಷವುಳ್ಳ ಕೆಲವು ಮಕ್ಕಳಲ್ಲಿ ಈ ಕಣಗಳು ಕೆಲವು ಬಗೆಯ ಕ್ರಿಮಿಗಳನ್ನು ನುಂಗಿಯೂ ಕೊಲ್ಲಲಾರವು. ಅಂಥ ಮಗುವಿಗೆ ಎಷ್ಟು ಶುದ್ಧವಾಗಿ ಶಸ್ತ್ರಚಿಕಿತ್ಸೆ ಮಾಡಿದರೂ ಗಾಯವು ಕೀವುಗಟ್ಟಬಹುದು, ಮಾಯಲು ತಡವಾಗಬಹುದು.

ಆದುದರಿಂದ ಲಿಸ್ಟರನು ವರ್ಣಿಸಿರುವುದು ಗುಣವಾಗುವಿಕೆಯ ಒಂದು ಭಾಗವನ್ನು ಮಾತ್ರ. ಮತ್ತೊಂದು ಭಾಗವು ಆ ಬಾಲಕನ ರಕ್ತದಲ್ಲಿ ನಡೆಯಿತು. ಪ್ರಬಂಧವನ್ನು ಪಾಠ ಹೇಳುವವರು ಎರಡನ್ನೂ ತಿಳಿಸುವುದು ಯುಕ್ತ.