ದೇವನ ಕೋಪ, ಮನುಷ್ಯನ ಸಿಟ್ಟು

ಮಳೆ ಕೈಕೊಟ್ಟರೆ, ರೋಗ ಹಬ್ಬಿದರೆ ‘ದೇವರು ಮುನಿದಿದ್ದಾನೆ’ ಎನ್ನುವುದು ಗೂಳೂರಿನಂಥ ಊರುಗಳಲ್ಲಿ ಎಲ್ಲ ಧರ್ಮದವರ ಬಾಯಲ್ಲೂ ಬರುವ ಮಾತು. ಕ್ರೈಸ್ತರ ದೇವನ ಬಗ್ಗೆ ಮಾತ್ರ ನಮ್ಮಲ್ಲಿ ಎರಡು ಬಗೆಯ ಗ್ರಹಿಕೆಗಳಿವೆ. ಅವನು ಬರೀ ಪ್ರೀತಿ, ಅಲ್ಲಿ ಶಿಕ್ಷೆಯೇ ಇಲ್ಲ ಎಂಬುದು ಒಂದು. ಹಳೆಯ ಒಡಂಬಡಿಕೆಯ ದೇವನು ಬರೀ ಕೋಪಿಷ್ಠ ಎಂಬುದು ಇನ್ನೊಂದು. ಎರಡೂ ಓದದೆ ಆಡುವ ಮಾತುಗಳು. 1830ರ ದಶಕದಲ್ಲೇ ವೆಸ್ಲಿಯನ್ ಮಿಷನರಿಗಳು ಇಲ್ಲಿಗೆ ಹತ್ತಿರದ ಗುಬ್ಬಿಯಲ್ಲಿ ನೆಲೆಸಿದ್ದರು. ಆದರೂ ನೆರೆಯವರ ಗ್ರಂಥವನ್ನು ನಾವು ತೆರೆದು ನೋಡಿದ್ದು ಕಡಿಮೆ.

ಆ ಗ್ರಂಥದಲ್ಲಿ ನಾಲ್ಕೇ ಅಧ್ಯಾಯಗಳ ‘ಯೋನ’ ಎಂಬ ಪುಸ್ತಕವಿದೆ. ನಾವು ಯೂನುಸ್(ಅ) ಎಂದು ಗೌರವಿಸುವ ಪ್ರವಾದಿಯೇ ಇವರು. ಮೀನಿನ ಹೊಟ್ಟೆಯ ಪ್ರಸಂಗ ಎಲ್ಲರಿಗೂ ಗೊತ್ತು. ಕಥೆಯ ತಿರುಳಿರುವುದು ಅದರ ನಂತರ. ನಲವತ್ತು ದಿನಗಳಲ್ಲಿ ನಿನೆವೆ ನಗರ ನಾಶವಾಗುತ್ತದೆಂದು ಯೋನ ಸಾರುತ್ತಾರೆ. ಊರಿಗೆ ಊರೇ ಪಶ್ಚಾತ್ತಾಪ ಪಡುತ್ತದೆ. ದೇವನು ಶಿಕ್ಷೆಯನ್ನು ಕೈಬಿಡುತ್ತಾನೆ. ಬೈಬಲ್ ಹೇಳುವಂತೆ ಆಗ ಸಿಟ್ಟಾಗುವವರು ಯೋನ! ಅವರಿಗೆ ನೆರಳು ಕೊಟ್ಟ ಗಿಡ ಮರುದಿನ ಹುಳು ಕಡಿದು ಒಣಗುತ್ತದೆ. ಅದಕ್ಕಾಗಿ ಅವರು ಮರುಗುತ್ತಾರೆ. ನೀನು ನೆಡದ ಗಿಡಕ್ಕೆ ನೀನು ಮರುಗಬಹುದಾದರೆ, 1,20,000 ಜನ ಮತ್ತು ಅಷ್ಟೊಂದು ಪಶುಗಳಿರುವ ಊರಿಗಾಗಿ ನಾನು ಮರುಗಬಾರದೇ ಎಂಬರ್ಥದ ದೇವನ ಪ್ರಶ್ನೆಯೊಂದಿಗೆ ಪುಸ್ತಕ ಮುಗಿಯುತ್ತದೆ. ಯೋನರ ಉತ್ತರ ಅಲ್ಲಿಲ್ಲ. ಉತ್ತರಿಸಬೇಕಾದವರು ಓದುಗರು. ಯೂನುಸರ ಜನತೆ ವಿಶ್ವಾಸವಿಟ್ಟಾಗ ಶಿಕ್ಷೆ ಸರಿಯಿತೆಂದು ಕುರ್‌ಆನ್ ಕೂಡ ಹೇಳುತ್ತದೆ.

ಹಾಗೆಂದು ಬೈಬಲ್ಲಿನಲ್ಲಿ ಕೋಪವಿಲ್ಲವೆಂದಲ್ಲ. ಆಮೋಸನ ಪುಸ್ತಕದಲ್ಲಿ ಅದು ಕೆಂಡದಂತಿದೆ. ಆದರೆ ಅದು ಎರಗುವುದು ಬಡವರನ್ನು ಒಂದು ಜೊತೆ ಚಪ್ಪಲಿಯ ಬೆಲೆಗೆ ಕೊಳ್ಳುವವರ ಮೇಲೆ, ತೂಕದಲ್ಲಿ ಮೋಸ ಮಾಡುವವರ ಮೇಲೆ. ಅನ್ಯಾಯ ಕಂಡೂ ಮುನಿಯದ ದೇವನಿಂದ ಬಡವನಿಗೆ ಸಿಗುವುದೇನು?

ನಮ್ಮ ಭಿನ್ನಾಭಿಪ್ರಾಯ ಇರುವುದು ಶಿಲುಬೆಯ ವ್ಯಾಖ್ಯಾನದಲ್ಲಿ. ಮನುಷ್ಯರ ಪಾಪಕ್ಕೆ ಸಲ್ಲಬೇಕಾದ ಶಿಕ್ಷೆಯನ್ನು ಯೇಸು ಹೊತ್ತರೆಂದು 16ನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕರು ಒತ್ತಿ ಹೇಳಿದರು. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎನ್ನುವ ನಾವು ಇದನ್ನು ಒಪ್ಪಲಾರೆವು. ತಂದೆಯ ದೋಷ ಮಗನಿಗಿಲ್ಲವೆಂದು ಬೈಬಲ್ಲಿನ ಯೆಹೆಜ್ಕೇಲನೂ ಹೇಳುತ್ತಾನೆ. ಈ ಚರ್ಚೆ ಕ್ರೈಸ್ತರೊಳಗೂ ನಡೆದಿದೆ.

ಗೋಪುರ ಕುಸಿದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲ ಎಂದು ಯೇಸು ಹೇಳಿದ್ದನ್ನು ಲೂಕನು ದಾಖಲಿಸಿದ್ದಾನೆ. 2004ರ ಸುನಾಮಿಯಲ್ಲಿ ಸತ್ತವರನ್ನು ದೇವಕೋಪಕ್ಕೆ ಗುರಿಯಾದವರೆಂದು ಸಾರಿದವರು ಎಲ್ಲ ಧರ್ಮಗಳಲ್ಲೂ ಇದ್ದರು, ನಮ್ಮಲ್ಲೂ. 2020ರಲ್ಲಿ ಕೊರೊನಾ ರೋಗಕ್ಕೆ ನಮ್ಮ ಸಮುದಾಯದ ಹೆಸರನ್ನೇ ಅಂಟಿಸಿದಾಗ, ಅಂಥ ತೀರ್ಪು ಎಷ್ಟು ಚುಚ್ಚುತ್ತದೆಂದು ನಮಗೆ ಅರಿವಾಯಿತು. ತೀರ್ಪು ದೇವನದು. ಅವನ ಹೆಸರಿನಲ್ಲಿ ನಾವು ಸಿಟ್ಟಾಗುವ ಮೊದಲು ಯೋನರ ಮುಂದಿದ್ದ ಪ್ರಶ್ನೆಗೆ ಉತ್ತರಿಸೋಣ.