ಅಂಕಿತ ಬರೋತನಕ ತಾಳ್ರಿ

ಕೂಡಲಸಂಗಮ ಇರೋದು ನಮ್ಮ ಹುನಗುಂದದ ಸೀಮೆಯಲ್ಲಿ. ಹಾಗಾಗಿ ನಮ್ಮ ಕಡೆ ಮನೆ ಒಕ್ಕಲಿಗೂ ವಚನ ಗಾಯನ, ಕಾಲರ್ ಟ್ಯೂನಿಗೂ ವಚನ ಗಾಯನ. ಈಗಿನ ಗಾಯನದ ಬಗ್ಗೆ ನನ್ನ ತಕರಾರು ಒಂದೇ: ಹಾಡು ಮುಗಿದ ಮೇಲೆ ರಾಗ ನೆನಪಿರುತ್ತೆ, ಬಸವಣ್ಣ ಏನಂದ ಅನ್ನೋದು ಇರೋದಿಲ್ಲ.

ವಚನಕ್ಕೆ ದಾಸರ ಪದದ ಹಾಗೆ ಪಲ್ಲವಿ, ಚರಣ ಇಲ್ಲ. 12ನೇ ಶತಮಾನದ ಧಾಟಿ ಯಾರೂ ಬರೆದಿಟ್ಟಿಲ್ಲ. ನಾವು ಕೇಳುವ ಮಟ್ಟುಗಳು ಹೆಚ್ಚಾಗಿ ಕಳೆದ ಶತಮಾನದ ಹಿಂದೂಸ್ತಾನಿ ಗಾಯಕರು ಕೊಟ್ಟದ್ದು. 1909ರಲ್ಲಿ ಬಾದಾಮಿ ಹತ್ತಿರ ಶಿವಯೋಗಮಂದಿರ ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು, ಆಮೇಲೆ ಮಲ್ಲಿಕಾರ್ಜುನ ಮನ್ಸೂರರು. ದೊಡ್ಡ ಕೊಡುಗೆ, ಅನುಮಾನವಿಲ್ಲ. ಆದರೆ ಪುಟದ ಮೇಲಿಲ್ಲದ್ದನ್ನು ಗಾಯಕ ಎಷ್ಟು ಸೇರಿಸಬಹುದು?

ಯುರೋಪಿನ ಬರೋಕ್ ಸಂಗೀತ ಹಾಡುವವರಿಗೂ ಇದೇ ಪ್ರಶ್ನೆ. ಹ್ಯಾಂಡಲ್‌ನ ದ ಕಾಪೊ ಆರಿಯಾದಲ್ಲಿ ಮೊದಲ ಭಾಗ ಕೊನೆಗೆ ಮತ್ತೆ ಬರುತ್ತೆ. ಗಾಯಕರು ತಮ್ಮ ಕುಸುರಿಯೆಲ್ಲ ತೋರಿಸೋದು ಆ ಎರಡನೇ ಸಲ. ಅಷ್ಟೊತ್ತಿಗೆ ಕೇಳುಗನಿಗೆ ಮಾತು ಮುಟ್ಟಿರುತ್ತೆ. ಅದೇ ಒಪೆರಾದ ರೆಸಿಟೆಟಿವ್‌ನಲ್ಲಿ ಹಾಡು ಮಾತಿನ ನಡಿಗೆ ಹಿಡಿಯುತ್ತೆ, ಹಾರ್ಪ್ಸಿಕಾರ್ಡ್ ಅಲ್ಲಲ್ಲಿ ಮೀಟಿ ಸುಮ್ಮನಾಗುತ್ತೆ. ನನ್ನ ಕಿವಿಗೆ ವಚನ ಈ ರೆಸಿಟೆಟಿವ್‌ನ ಸಂಬಂಧಿ. ನಾವೋ ಅದನ್ನು ಆರಿಯಾ ಮಾಡಿಟ್ಟಿದ್ದೇವೆ, ಅದೂ ಎರಡನೇ ಸಲದ ಕುಸುರಿ ಮೊದಲೇ ಬಡಿಸಿ.

ಬಸವಣ್ಣನ ಎಷ್ಟೋ ವಚನಗಳ ಕಟ್ಟು ನೋಡಿ. ಒಂದು ಹೋಲಿಕೆ, ಅದರ ಮೇಲೊಂದು; ಏಟು ಬೀಳೋದು ಕೊನೆಗೆ, ಅಂಕಿತದ ಆಸುಪಾಸು. ಮೊದಲ ಸಾಲು ಬರೀ ಪೀಠಿಕೆ. ವೇದಿಕೆಯಲ್ಲಿ ಆ ಪೀಠಿಕೆಯೇ ನಾಲ್ಕು ಸಲ, ನಡುವೆ ಕೀಬೋರ್ಡು, ತಬಲಾದ ತಿಹಾಯಿ, ಚಪ್ಪಾಳೆ. ಕೊನೆಯ ಸಾಲು ಬಸ್ಸು ತಪ್ಪುತ್ತೆ ಅನ್ನೋ ಹಾಗೆ ಓಡುತ್ತೆ. ಕೂಡಲಸಂಗಮದೇವ ಅಂದ ಮೇಲಾದರೂ ನಿಲ್ಲಬೇಕಲ್ಲ, ತಿರುಗಿ ಮೊದಲ ಸಾಲಿಗೇ! ಉತ್ತರ ಸಿಕ್ಕವನನ್ನು ಎಳೆದು ಪ್ರಶ್ನೆಯ ಮುಂದೆ ಕೂರಿಸಿದ ಹಾಗೆ. ನಮ್ಮ ಕೆಲಸದಲ್ಲಿ ಇದಕ್ಕೆ ಇನ್ಫಿನಿಟ್ ಲೂಪ್ ಅಂತೀವಿ.

ರಾಗ ಬೇಡ ಅಂತಲ್ಲ. ಮನ್ಸೂರರು ಹಾಡಿದ ಅಕ್ಕನ ವಚನ ಕೇಳಿ. ಅಪ್ಪಟ ಖಯಾಲ್ ಗಾಯಕ, ಆದರೂ ಶಬ್ದ ಮುರಿಯೋದಿಲ್ಲ. ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿದ್ದವರು. ಹಿಂದಿನ ಸಾಲಿಗೂ ಮಾತು ಮುಟ್ಟಬೇಕು ಅನ್ನೋದು ಅಲ್ಲಿಂದ ಬಂದಿರಬೇಕು ಅಂತ ನನ್ನ ಊಹೆ.

ಮೊದಲು ಬರೀ ತಂಬೂರಿ ಇಟ್ಟುಕೊಂಡು ಇಡೀ ವಚನ ಒಮ್ಮೆ ಹೇಳಿಬಿಡ್ರಿ, ಆಮೇಲೆ ತಾನು ಎಷ್ಟಾದರೂ ಹಾಕ್ರಿ. ಆರು ಸಾಲಿಗೆ ಅರ್ಧ ನಿಮಿಷ ಸಾಕು. ಅಷ್ಟೊತ್ತು ಕೀಬೋರ್ಡಿನವರಿಗೆ ಚಹಾ ಕೊಡಿಸೋಣ.